ಹತ್ತಿದೆಯೋ ಆರಿದೆಯೋ

ಹಲಸೂರಿನ ನಮ್ಮ ಮನೆಯ ಮೆಟ್ಟಿಲಿಗೆ ಒಂದೇ ಬಲ್ಬು, ಎರಡು ಸ್ವಿಚ್ಚು. ಒಂದು ಕೆಳಗೆ ಬೀದಿ ಬಾಗಿಲ ಪಕ್ಕದಲ್ಲಿ, ಇನ್ನೊಂದು ಮೇಲೆ ನಾವು ವಾಸವಿದ್ದ ಮಹಡಿಯ ಹೊಸ್ತಿಲ ಹತ್ತಿರ. ಕೆಳಗೆ ಹಾಕಿಕೊಂಡು ಹತ್ತಿ ಬಂದು ಮೇಲೆ ಆರಿಸಬಹುದು. ಮೇಲೆ ಹಾಕಿಕೊಂಡು ಇಳಿದು ಹೋಗಿ ಕೆಳಗೆ ಆರಿಸಬಹುದು. ಅಪ್ಪ ಬದುಕಿದ್ದಾಗ ಹಟ ಹಿಡಿದು ಮಾಡಿಸಿದ ಏರ್ಪಾಡು ಅದು. ಮನೆಗೆ ಬಂದ ನೆಂಟರಿಗೆಲ್ಲ ಕಾಫಿಗೆ ಮೊದಲು ಈ ಸ್ವಿಚ್ಚಿನ ದರ್ಶನವಾಗುತ್ತಿತ್ತು. ಎರಡು ಗೋಡೆಗಳ ನಡುವೆ ಕಿಟಕಿಯಿಲ್ಲದ ಮೆಟ್ಟಿಲು, ಮಟಮಟ ಮಧ್ಯಾಹ್ನವೂ ಅಲ್ಲಿ ಕತ್ತಲೆ. ಅಪ್ಪನ ಹೆಮ್ಮೆಗೆ ಕಾರಣವಿರಲಿಲ್ಲ ಎನ್ನುವ ಹಾಗಿಲ್ಲ.

ಅಕ್ಕನಿಗೆ ಮಾತ್ರ ಆ ಸ್ವಿಚ್ಚು ಕಂಡರಾಗುತ್ತಿರಲಿಲ್ಲ. ನಾಲ್ಕನೇ ವಯಸ್ಸಿನಲ್ಲಿ ದಡಾರ ಬಂದು ಅವಳ ಎರಡೂ ಕಣ್ಣು ಹೋದವು. ಆದರೂ ಕಂಡರಾಗುತ್ತಿರಲಿಲ್ಲ ಎಂದು ಬರೆಯಲು ನನಗೆ ಹಿಂಜರಿಕೆಯಿಲ್ಲ. "ಟೀವಿ ನೋಡ್ತೀನಿ", "ಅವಳ ಮುಖ ನೋಡಕ್ಕಾಗಲ್ಲ" ಎಂದೆಲ್ಲ ಅವಳೇ ಹೇಳುತ್ತಿದ್ದಳು. ಆ ಮಾತುಗಳ ಮೇಲೆ ನಮ್ಮಷ್ಟೇ ಹಕ್ಕು ಅವಳಿಗೂ ಇತ್ತು. ಯಾರಾದರೂ ಅವಳ ಮುಂದೆ ಆ ಪದಗಳನ್ನು ನುಂಗಿಕೊಂಡರೆ ಅವಳಿಗೆ ಸಿಟ್ಟು ಬರುತ್ತಿತ್ತು.

ಸ್ವಿಚ್ಚಿನ ಬಗ್ಗೆ ಅವಳ ತಕರಾರು ನ್ಯಾಯವಾದದ್ದೇ. ಮನೆಯ ಮಿಕ್ಕ ಸ್ವಿಚ್ಚುಗಳೆಲ್ಲ ಕೆಳಗೆ ಬಾಗಿದ್ದರೆ ದೀಪ ಹತ್ತಿದೆ, ಮೇಲೆ ಬಾಗಿದ್ದರೆ ಆರಿದೆ. ಬೆರಳಿಟ್ಟರೆ ಗೊತ್ತಾಗುತ್ತದೆ. ಮೆಟ್ಟಿಲಿನ ಸ್ವಿಚ್ಚು ಹಾಗಲ್ಲ. ಮೇಲೆ ಯಾರೋ ಒತ್ತಿದ್ದರೆ ಕೆಳಗಿನದು ತಿರುಗುಮುರುಗು, ಕೆಳಗೆ ಯಾರೋ ಒತ್ತಿದ್ದರೆ ಮೇಲಿನದು. ಅದನ್ನು ಮುಟ್ಟಿ ಏನೂ ಹೇಳುವ ಹಾಗಿಲ್ಲ. "ಇದು ಸುಳ್ಬುರುಕ ಸ್ವಿಚ್ಚು" ಎನ್ನುತ್ತಿದ್ದಳು ಅಕ್ಕ. ಅವಳಿಗೆ ಬೆಳಕು ಬೇಕಿರಲಿಲ್ಲ, ನಮಗೆ ಬೇಕಿತ್ತು. ಮಂಡಿನೋವಿನ ಅಮ್ಮ ಎಡವದಂತೆ ದೀಪ ಹಾಕುವುದು, ಎಲ್ಲರೂ ಒಳಗೆ ಬಂದ ಮೇಲೆ ಆರಿಸುವುದು ಅವಳು ತಾನೇ ವಹಿಸಿಕೊಂಡ ಕೆಲಸ. ಬಲ್ಬಿದ್ದದ್ದು ತಿರುವಿನಲ್ಲಿ, ಗೋಡೆಗೆ ಹೊಡೆದ ಹೋಲ್ಡರಿನಲ್ಲಿ, ಅವಳ ಭುಜದ ಎತ್ತರಕ್ಕೆ. ಒಬ್ಬಳೇ ಇದ್ದಾಗ ಅದರ ಹತ್ತಿರ ಅಂಗೈ ಹಿಡಿದು ಬಿಸಿ ತಾಗುತ್ತದೆಯೋ ಇಲ್ಲವೋ ನೋಡುತ್ತಿದ್ದಳು. ನಾನು ಜೊತೆಗಿದ್ದರೆ ಕೈ ಎತ್ತುತ್ತಿರಲಿಲ್ಲ. "ಹತ್ತಿದ್ಯೇನೇ?" ಎಂದು ಕೇಳುತ್ತಿದ್ದಳು. "ಹತ್ತಿದೆ" ಎಂದರೆ ಅಷ್ಟೇ, ಮುಂದೆ ನಡೆಯುತ್ತಿದ್ದಳು.

ನನಗೆ ಒಂಬತ್ತು ಹತ್ತು ವರ್ಷವಿದ್ದಾಗ ಒಂದು ಸಲ ತಮಾಷೆಗೆ ಸುಳ್ಳು ಹೇಳಿದೆ. ಬಲ್ಬು ಉರಿಯುತ್ತಿತ್ತು, ಆರಿದೆ ಅಂದೆ. ಅವಳು ಸ್ವಿಚ್ಚು ಒತ್ತಿದಳು, ಕತ್ತಲಾಯಿತು, ಹಿಂದೆ ತರಕಾರಿ ಚೀಲ ಹಿಡಿದು ಹತ್ತುತ್ತಿದ್ದ ಅಮ್ಮ ಮುಗ್ಗರಿಸಿದರು. ಅಂಥದ್ದೇನೂ ಆಗಲಿಲ್ಲ, ಒಂದಷ್ಟು ಟೊಮೆಟೊ ಬೀದಿ ಬಾಗಿಲವರೆಗೆ ಉರುಳಿದವು. ಅಕ್ಕ ನನ್ನನ್ನು ಬಯ್ಯಲಿಲ್ಲ, ಅಮ್ಮನಿಗೆ ಹೇಳಲೂ ಇಲ್ಲ. ಆದರೆ ಮರುದಿನದಿಂದ, ನಾನು ಪಕ್ಕದಲ್ಲೇ ನಿಂತಿದ್ದರೂ ನನ್ನನ್ನು ಕೇಳದೆ ಬಲ್ಬಿನ ಕಡೆ ಕೈ ಚಾಚತೊಡಗಿದಳು. ಏಳು ದಿನ ಹಾಗೇ ನಡೆಯಿತು. ಎಂಟನೇ ದಿನ ಎಂದಿನಂತೆ "ಹತ್ತಿದ್ಯೇನೇ?" ಅಂದಳು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಅದಾದ ಮೇಲೆ ಆ ಪ್ರಶ್ನೆಗೆ ನಾನು ಸುಳ್ಳು ಹೇಳಿದ್ದಿಲ್ಲ. ಮೆಟ್ಟಿಲಿನ ಮಟ್ಟಿಗೆ.

ತೊಂಬತ್ತರ ದಶಕವಿಡೀ ಅಕ್ಕ ಶಿವಾಜಿನಗರದ ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರಾಗಿದ್ದಳು. ಬೇರೆಯವರ ಬೋರ್ಡಿನಲ್ಲಿ ಕರೆ ಬಂದರೆ ಸಣ್ಣ ದೀಪ ಹತ್ತುತ್ತಿತ್ತು. ಅವಳಿಗೋಸ್ಕರ ದೀಪದ ಜಾಗದಲ್ಲಿ ಬೆರಳಿಗೆ ತಾಗುವ ಮೊಳೆಯಂಥ ಕಡ್ಡಿ ಮೇಲೇಳುವಂತೆ ಮಾಡಿಕೊಟ್ಟಿದ್ದರು. ಎದ್ದಿದ್ದರೆ ಕರೆ ಇದೆ, ಕೂತಿದ್ದರೆ ಇಲ್ಲ. ಎಡಗೈಯನ್ನು ಬೋರ್ಡಿನ ಮೇಲೆ ಒಮ್ಮೆ ಸವರಿದರೆ ಇಡೀ ಕಚೇರಿಯಲ್ಲಿ ಯಾರು ಮಾತಾಡುತ್ತಿದ್ದಾರೆ, ಯಾರು ಖಾಲಿ ಕೂತಿದ್ದಾರೆ ಎಂದು ಅವಳಿಗೆ ತಿಳಿಯುತ್ತಿತ್ತು. ಮೇಲಧಿಕಾರಿಗೂ ಅಷ್ಟು ತಿಳಿಯುತ್ತಿರಲಿಲ್ಲ ಎಂದು ಅವಳು ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಕಂಟೋನ್ಮೆಂಟಿನ ನಾಲ್ಕೂ ಭಾಷೆ ಅವಳ ನಾಲಗೆ ಮೇಲಿತ್ತು. ಒಂದೇ ಉಸಿರಿನಲ್ಲಿ ಒಬ್ಬರಿಗೆ ತಮಿಳಿನಲ್ಲಿ ಸಮಾಧಾನ ಹೇಳಿ, ಇನ್ನೊಬ್ಬರಿಗೆ ಉರ್ದುವಿನಲ್ಲಿ ತಡೆಯಿರಿ ಎಂದು, ಮೂರನೆಯವರಿಗೆ ಇಂಗ್ಲಿಷಿನಲ್ಲಿ ಕ್ಷಮೆ ಕೇಳುತ್ತಿದ್ದಳು. ಮನೆಯಲ್ಲಿ ಫೋನೆತ್ತಿದರೂ ಅದೇ ಧ್ವನಿ. ಚಿಕ್ಕಮ್ಮ ಎಷ್ಟೋ ಸಲ ರಾಂಗ್ ನಂಬರ್ ಎಂದುಕೊಂಡು ಇಟ್ಟುಬಿಟ್ಟಿದ್ದುಂಟು.

ಆಮೇಲೆ ಯಂತ್ರ ಬಂತು. ಇಂಥ ವಿಭಾಗಕ್ಕೆ ಒಂದು ಒತ್ತಿ, ಅಂಥ ವಿಭಾಗಕ್ಕೆ ಎರಡು ಒತ್ತಿ ಎಂದು ಹೇಳುವ ಯಂತ್ರ. ಅಕ್ಕನಿಗೆ ಆಗ ಮೂವತ್ತನಾಲ್ಕು ವರ್ಷ. ಬೀಳ್ಕೊಡುಗೆಗೆ ಹಾರ ಹಾಕಿ, ಭಾಷಣ ಮಾಡಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಕಣ್ಣಿಲ್ಲದವಳಿಗೆ ಗೋಡೆ ಗಡಿಯಾರ! ನಾನು ಕೋಪದಿಂದ ಕುದಿಯುತ್ತಿದ್ದರೆ ಅವಳು ನಕ್ಕಳು. "ಟಿಕ್ ಟಿಕ್ ಅನ್ನುತ್ತಲ್ಲ, ಸಾಕು ಬಿಡೇ" ಅಂದಳು. ಅದನ್ನು ಅವಳ ಮಂಚದ ತಲೆಕಡೆ ಗೋಡೆಗೆ ಹಾಕಿದೆವು. ಒಂದು ವಾರವಾದ ಮೇಲೆ ಅವಳೇ ಅದರ ಸೆಲ್ಲು ತೆಗೆಸಿದಳು. ಮೊದಲು ಕೆಲಸಕ್ಕೆ ಹೊರಡುತ್ತಿದ್ದ ಹೊತ್ತಿನಲ್ಲಿ ಆ ಸದ್ದು ಕೇಳಲು ಆಗುವುದಿಲ್ಲ ಎಂದಳು.

ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ. ಅಂಧರಿಗೆ ಕಂಪ್ಯೂಟರ್ ಕಲಿಸುವ ಒಂದು ಸಂಸ್ಥೆಗೆ ಸೇರಿದಳು. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಆಗ ಹೊಸದು. ಅಮೆರಿಕದ ಗಂಡಸೊಬ್ಬ ಮೂಗು ಹಿಡಿದು ಮಾತಾಡಿದಂಥ ಧ್ವನಿ. ಆರು ತಿಂಗಳಲ್ಲಿ ಅವಳು ನನಗಿಂತ ಚುರುಕಾಗಿ ಟೈಪ್ ಮಾಡುತ್ತಿದ್ದಳು. ಇಂದಿರಾನಗರದ ನನ್ನ ಆಫೀಸಿನಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಸಿಪಿಯು ಒಂದನ್ನು ಕೇಳಿ ತಂದೆ. ಮಾನಿಟರ್ ಸಿಗಲಿಲ್ಲ. "ಮಾನಿಟರ್ ಇಲ್ದೆ ಏನ್ಮಾಡ್ತೀರಾ ಮೇಡಂ?" ಎಂದು ಆಫೀಸಿನಲ್ಲಿ ಕೇಳಿದ್ದನ್ನು ಮನೆಯಲ್ಲಿ ಹೇಳಿದಾಗ ಅಕ್ಕ, "ನಂಗ್ಯಾಕೆ ಅದು? ಆ ಜಾಗದಲ್ಲಿ ಅಮ್ಮ ಉಪ್ಪಿನಕಾಯಿ ಜಾಡಿ ಇಟ್ಕೊಳ್ಲಿ" ಅಂದಳು. ಅಮ್ಮ ನಿಜವಾಗಿಯೂ ಜಾಡಿ ಇಟ್ಟರು. ಹೀಗೆ ನಮ್ಮ ಮನೆಗೆ ಕೀಬೋರ್ಡು, ಎರಡು ಸ್ಪೀಕರು, ಒಂದು ಉಪ್ಪಿನಕಾಯಿ ಜಾಡಿ ಇರುವ ಕಂಪ್ಯೂಟರ್ ಬಂತು. ತಂತ್ರಾಂಶ ಪುಕ್ಕಟೆಯದ್ದಾದ್ದರಿಂದ ನಲವತ್ತು ನಿಮಿಷ ಮಾತಾಡಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಮತ್ತೆ ಎಲ್ಲವನ್ನೂ ಆರಿಸಿ ಹಾಕಬೇಕು. ಬಂದವರು ನಗುತ್ತಿದ್ದರು, ನಾವೂ ನಗುತ್ತಿದ್ದೆವು. ಕಣ್ಣಿರುವವರು ಬಂದು ನೋಡಲು ಆ ಕಂಪ್ಯೂಟರಿನಲ್ಲಿ ಏನೂ ಇರಲಿಲ್ಲ ಎನ್ನುವುದು ಎಷ್ಟು ದೊಡ್ಡ ಸಂಗತಿ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ನನ್ನ ಆಫೀಸು ವೆಬ್‌ಸೈಟುಗಳನ್ನು ಮಾಡಿಕೊಡುತ್ತಿತ್ತು. ಒಂದು ಬೇಕರಿಯ ಮೇಲಿನ ಮಹಡಿ, ಎಂಟು ಜನ, ಮಧ್ಯಾಹ್ನ ಮೂರಕ್ಕೆ ಬನ್ನಿನ ಪರಿಮಳ. ನಮ್ಮ ಅಜ್ಜ ರಾಗಿ ಬೆಳೆಯುತ್ತಿದ್ದ ಹೊಲ ಅಲ್ಲೇ ಎಲ್ಲೋ ಇತ್ತಂತೆ. ಈಗ ಮೊಮ್ಮಗಳು ಅಲ್ಲಿ ಬಟನ್ ಬೆಳೆಯುತ್ತಿದ್ದಳು. ಪುಟಗಳಲ್ಲಿ ಬರುವ ಬಟನ್ನು, ಸ್ವಿಚ್ಚು, ಬಾಣದ ಗುರುತು ಇವುಗಳ ಚಿತ್ರ ಬರೆಯುವುದು ನನ್ನ ಕೆಲಸ. ಅದರಲ್ಲಿ ನನಗೆ ತಕ್ಕಮಟ್ಟಿಗೆ ಹೆಸರೂ ಇತ್ತು. ತಾಳ್ಮೆಗೆ ಮಾತ್ರ ಹೆಸರಿರಲಿಲ್ಲ.

ಆಗ ನಮಗೆ ಕೆಲಸ ಹುಡುಕುವವರಿಗಾಗಿ ಒಂದು ವೆಬ್‌ಸೈಟ್ ಮಾಡುವ ಆರ್ಡರ್ ಬಂತು. ತಮ್ಮ ವಿವರ ತುಂಬಿದವರು ಒಂದು ಸ್ವಿಚ್ಚು ಒತ್ತಿದರೆ ಆ ವಿವರ ಕಂಪನಿಗಳಿಗೆ ಕಾಣಿಸಬೇಕು, ಮತ್ತೊಮ್ಮೆ ಒತ್ತಿದರೆ ಮರೆಯಾಗಬೇಕು. ನಾನು ಮಾತ್ರೆಯ ಆಕಾರದ ಒಂದು ಸ್ವಿಚ್ಚು ಬರೆದೆ. ಹತ್ತಿದ್ದರೆ ಎಳೆ ಹಸಿರು, ಆರಿದ್ದರೆ ಬೂದು. ಪಕ್ಕದಲ್ಲಿ ಒಂದು ಪದವೂ ಇಲ್ಲ. ಪದ ಹಾಕಿದರೆ ಅಂದ ಕೆಡುತ್ತದೆ ಎಂದು ನಾನೇ ವಾದಿಸಿದ್ದೆ. ಓದಿ ಹೇಳುವ ತಂತ್ರಾಂಶಗಳಿಗಾಗಿ ಪ್ರತಿ ಚಿತ್ರದ ಹಿಂದೆ ಕಾಣದ ಹಾಗೆ ಒಂದು ವಿವರಣೆ ಬರೆಯುವ ಪದ್ಧತಿ ಆಗಲೂ ಇತ್ತು. ಹಸಿರು ಚಿತ್ರದ ಹಿಂದೆ "ಸ್ಟೇಟಸ್ ಬಟನ್" ಎಂದು ಬರೆದೆ. ಬೂದು ಚಿತ್ರಕ್ಕೆ ಬೇರೆ ಬರೆಯಲು ಸೋಮಾರಿತನ, ಅದನ್ನೇ ನಕಲು ಮಾಡಿ ಅಂಟಿಸಿದೆ. ಮನೆಯಲ್ಲಿ ಕಣ್ಣು ಕಾಣದ ಅಕ್ಕನನ್ನು ಇಟ್ಟುಕೊಂಡು ಹೀಗೆ ಮಾಡಿದೆ. ಈಗ ನೆನೆಸಿಕೊಂಡರೂ ನನ್ನ ಕೈ ನಾನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಇನ್ನೊಂದು ವಿಷಯವಿದೆ. ಮೊದಲು ಆ ಸ್ವಿಚ್ಚು ಆರಿದ ಸ್ಥಿತಿಯಲ್ಲಿರುತ್ತಿತ್ತು, ಸೇರಿದವರು ತಾವೇ ಹಾಕಿಕೊಳ್ಳಬೇಕಿತ್ತು. ಸೈಟು ಶುರುವಾಗುವ ಎರಡು ದಿನ ಮೊದಲು ಆರ್ಡರ್ ಕೊಟ್ಟವರು, ಸೇರುತ್ತಲೇ ಎಲ್ಲರ ವಿವರವೂ ಕಾಣಲಿ, ಬೇಡದವರು ಆರಿಸಿಕೊಳ್ಳಲಿ ಎಂದರು. ಅವರು ಹೇಳಿದಂತೆ ನಾವು ತಿರುಗಿಸಿಟ್ಟೆವು. ತಿರುಗಿಸಿದವಳು ನಾನೇ. ಆದರೆ ನನ್ನ ತಲೆಯಲ್ಲಿ ಮಾತ್ರ ಅದು ಮೊದಲಿನಂತೆಯೇ ಉಳಿದಿತ್ತು.

ಅಕ್ಕ ಆ ಸೈಟಿಗೆ ಸೇರಿದಳು. ನನ್ನ ತಂಗಿ ಮಾಡಿದ್ದು ಎಂಬ ಹೆಮ್ಮೆಯಿಂದ. ನಾನಿಲ್ಲದಾಗ ಒಬ್ಬಳೇ ಕೂತು, ನಲವತ್ತು ನಿಮಿಷದ ಎರಡು ಕಂತುಗಳಲ್ಲಿ ತನ್ನ ಇಡೀ ಬದುಕನ್ನು ತುಂಬಿದ್ದಳು. ಹನ್ನೆರಡು ವರ್ಷದ ಅನುಭವ, ನಾಲ್ಕು ಭಾಷೆ, ಹೊಸದಾಗಿ ಕಲಿತ ಟೈಪಿಂಗು. ಕಣ್ಣಿಲ್ಲ ಎಂಬುದನ್ನೂ ಮುಚ್ಚಿಡದೆ ಬರೆದಿದ್ದಳು. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಹೇಳಿದಳು:

"ಕೊನೇಲಿ ಆ ಬಟನ್ ಒತ್ಬೇಕು ಅಂದಿದ್ಯಲ್ಲ, ಒತ್ತಿದೆ ಕಣೆ."

"ಒಂದೇ ಸಲ ತಾನೇ ಒತ್ತಿದ್ದು?"

"ಒಂದೇ ಸಲ. ಆದ್ರೆ ಒತ್ತೋಕೆ ಮುಂಚೇನೂ ಸ್ಟೇಟಸ್ ಬಟನ್ ಅಂತು, ಒತ್ತಿದ್ಮೇಲೂ ಸ್ಟೇಟಸ್ ಬಟನ್ ಅಂತು. ಹತ್ತಿದ್ಯೋ ಆರಿದ್ಯೋ ಹೆಂಗೆ ಗೊತ್ತಾಗ್ಬೇಕೇ?"

ಆ ದಿನ ಆಫೀಸಿನಲ್ಲಿ ಯಾರೊಂದಿಗೋ ಜಗಳವಾಗಿತ್ತು. ಯಾರೊಂದಿಗೆ, ಯಾತಕ್ಕೆ ಎಂಬುದು ಈಗ ನೆನಪೂ ಇಲ್ಲ. "ಒತ್ತಿದ್ಯಲ್ಲಕ್ಕಾ, ಹತ್ತಿರುತ್ತೆ ಬಿಡು. ನಾನೇ ಮಾಡಿದ್ದು, ನಂಗೊತ್ತಿಲ್ವಾ?" ಅಂದೆ.

ಅವಳು ಮತ್ತೆ ಕೇಳಲಿಲ್ಲ. ಮೆಟ್ಟಿಲ ಮೇಲೆ ನನ್ನ ಮಾತು ಕೇಳಿ ಮುಂದೆ ನಡೆಯುತ್ತಿದ್ದಳಲ್ಲ, ಹಾಗೆಯೇ ನಡೆದಳು.

ಎಂಟು ತಿಂಗಳು ಕಾದಳು. ಆಗ ಮನೆಯ ಫೋನಿನ ತಂತಿಯಲ್ಲೇ ಇಂಟರ್ನೆಟ್ಟೂ ಬರುತ್ತಿದ್ದುದರಿಂದ, ಅದನ್ನು ಹಾಕಿದರೆ ಫೋನು ಎಂಗೇಜ್ ಆಗುತ್ತಿತ್ತು. ಯಾರಾದರೂ ಕರೆದರೆ ತಪ್ಪಿಹೋಗುತ್ತದೆಂದು ಅಕ್ಕ ಕಚೇರಿಗಳು ತೆರೆಯುವ ಮುಂಚೆ, ಇಲ್ಲವೇ ಎಲ್ಲರೂ ಊಟಕ್ಕೆ ಎದ್ದಿರುವ ಒಂದು ಗಂಟೆಯ ಹೊತ್ತಿಗೆ ಮಾತ್ರ ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. ಮಿಕ್ಕ ಹೊತ್ತು ಫೋನಿನ ಪಕ್ಕ. ನಡುನಡುವೆ ರಿಸೀವರ್ ಎತ್ತಿ ಡಯಲ್ ಟೋನ್ ಇದೆಯೇ ಎಂದು ಕೇಳಿಸಿಕೊಂಡು ಇಡುತ್ತಿದ್ದಳು. ಫೋನು ಬಡಿದರೆ ಆ ಹಳೆಯ ಆಪರೇಟರ್ ಧ್ವನಿ, ಅಷ್ಟೇ ಮೃದು, ಅಷ್ಟೇ ಸ್ಪಷ್ಟ. ಆ ಕಡೆಯಿಂದ ಚಿಕ್ಕಮ್ಮನೋ, ಗ್ಯಾಸಿನವರೋ. ನಾನು ಮನೆಯಲ್ಲಿದ್ದ ಭಾನುವಾರಗಳಂದು ಆ ಧ್ವನಿ ಇಳಿದುಹೋಗುವುದನ್ನು ಕೇಳುತ್ತಿದ್ದೆ. "ಹಲೋ" ಎಂಬುದರಲ್ಲಿ ಇರುತ್ತಿದ್ದ ಅಕ್ಕ "ಹೇಳಿ ಚಿಕ್ಕಮ್ಮ" ಎಂಬುದರಲ್ಲಿ ಇರುತ್ತಿರಲಿಲ್ಲ. ಅಮ್ಮ ಪ್ರತಿ ಶುಕ್ರವಾರ ದೇವಸ್ಥಾನದಿಂದ ಹೂ ತಂದು ಫೋನಿನ ಮೇಲಿಡುತ್ತಿದ್ದರು. ಅದನ್ನು ಕಂಡರೆ ನನಗೆ ರೇಗುತ್ತಿತ್ತು.

ಒಂದು ಬೆಳಿಗ್ಗೆ ಅಕ್ಕ ಮೆಲ್ಲಗೆ ಕೇಳಿದಳು. "ನಿಮ್ಮಾಫೀಸಲ್ಲಿ ಒಂದ್ಸಲ ನನ್ನ ಪುಟ ತೆಗೆದು ನೋಡ್ತೀಯಾ? ಯಾರಾದ್ರೂ ನೋಡಿದಾರಾ ಅಂತನಾದ್ರೂ ಗೊತ್ತಾಗ್ಲಿ." ಆಫೀಸಿಗೆ ಹೋದವಳೇ ಅವಳ ಗುಪ್ತಪದ ಹಾಕಿ ತೆರೆದೆ. ಸ್ವಿಚ್ಚು ಬೂದು ಬಣ್ಣಕ್ಕಿತ್ತು. ಅದರ ಕೆಳಗೆ, ಓದಿ ಹೇಳುವ ತಂತ್ರಾಂಶಕ್ಕೆ ಸಿಗದ ಇನ್ನೊಂದು ಚಿತ್ರದಲ್ಲಿ, ಈ ವಿವರ ನೋಡಿದವರು: ಸೊನ್ನೆ.

ನಾನೇ ತಿರುಗಿಸಿಟ್ಟದ್ದು ಆಗ ನೆನಪಾಯಿತು. ಹತ್ತಿಯೇ ಇದ್ದ ಸ್ವಿಚ್ಚನ್ನು, ನನ್ನ ಮಾತು ಕೇಳಿ, ಅವಳು ಒತ್ತಿ ಆರಿಸಿದ್ದಳು. ಎಂಟು ತಿಂಗಳು ಫೋನಿನ ಪಕ್ಕ ಕೂತಿದ್ದವಳು ಈ ಲೋಕದಲ್ಲಿ ಯಾರಿಗೂ ಕಾಣದೆ ಕೂತಿದ್ದಳು. ನಾನು ಮೌಸ್ ಒತ್ತಿದೆ. ಹಸಿರಾಯಿತು. ಅಷ್ಟೇ ಕೆಲಸ, ಅರ್ಧ ಕ್ಷಣ ಹಿಡಿಯಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತು, ಮುಖ ತೊಳೆದುಕೊಂಡು ಬಂದೆ.

ಹೇಳಬೇಕೆಂದೇ ಮನೆಗೆ ಹೋದೆ. ಇದನ್ನು ಓದುವವರು ನಂಬಬೇಕು. ಇಂದಿರಾನಗರದಿಂದ ಹಲಸೂರಿನವರೆಗೆ ನಡೆಯುತ್ತ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಆದರೆ ಅಕ್ಕ ಮೇಲಿನ ಹೊಸ್ತಿಲಲ್ಲೇ ನಿಂತಿದ್ದಳು, ನನ್ನ ಚಪ್ಪಲಿಯ ಸದ್ದಿಗೆ ದೀಪ ಹಾಕಿ. "ನೋಡಿದ್ಯಾ? ಯಾರಾದ್ರೂ ನೋಡಿದಾರಂತಾ?" ಆ ಮುಖ ನೋಡಿ ನನ್ನ ಧೈರ್ಯವೆಲ್ಲ ಸೋರಿಹೋಯಿತು. ನನ್ನ ತಪ್ಪಿನಿಂದ ನಿನ್ನ ಎಂಟು ತಿಂಗಳು ಹಾಳಾಯಿತು ಎನ್ನುವುದಕ್ಕಿಂತ, ಅವಳನ್ನು ಒಂಚೂರು ಸಂತೋಷಪಡಿಸುವುದು ಸುಲಭವಾಗಿತ್ತು.

"ಹೂಂ ಅಕ್ಕಾ, ನೋಡಿದಾರೆ. ಬೇಕಾದಷ್ಟು ಜನ ನೋಡಿದಾರೆ" ಅಂದೆ.

ಅವಳು ನಗಬಹುದು ಎಂದುಕೊಂಡಿದ್ದೆ. ಅವಳು ಒಳಗೆ ಹೋದಳು. ಊಟದ ಹೊತ್ತಿಗೆ ತಟ್ಟೆಯ ಮುಂದೆ ಕೂತು, ಅನ್ನ ಕಲಸುತ್ತಾ, "ಹಂಗಾದ್ರೆ ತೆಗೆದ್ಬಿಡೇ ಅದನ್ನ" ಅಂದಳು.

"ಯಾಕಕ್ಕಾ? ಇನ್ನೊಂದು ತಿಂಗಳು ಇರ್ಲಿ."

"ನೋಡೋರೆಲ್ಲ ನೋಡಾಯ್ತಲ್ಲ. ನೋಡಿ ಬೇಡ ಅಂದ್ಮೇಲೆ ಇನ್ನೂ ಅಲ್ಲೇ ಕೂತಿರ್ಬೇಕಾ? ನಂಗೂ ಮಾನ ಇಲ್ವಾ?"

ಇಲ್ಲ ಅಕ್ಕಾ, ಯಾರೂ ನೋಡಿಲ್ಲ, ಈಗ ತಾನೇ ಹಾಕಿ ಬಂದಿದ್ದೇನೆ, ಇನ್ನು ನೋಡುತ್ತಾರೆ. ಇಷ್ಟೇ ಹೇಳಬೇಕಿತ್ತು. ಆದರೆ ಅದನ್ನು ಹೇಳಿದರೆ ಮೊದಲನೆಯ ಸುಳ್ಳನ್ನೂ ಒಪ್ಪಿಕೊಳ್ಳಬೇಕಲ್ಲ. ಒಂದು ತಿಂಗಳು ಎಂದು ಗೋಗರೆದೆ, ಹದಿನೈದು ದಿನ ಎಂದೆ. ಅವಳು ಜಗ್ಗಲಿಲ್ಲ. ಎರಡು ದಿನ ಬಿಟ್ಟು ನಾನೇ ಅವಳ ಪುಟವನ್ನು ಅಳಿಸಿದೆ. "ತೆಗೆದ್ಯಾ?" ಎಂದು ಕೇಳಿದಳು. "ತೆಗೆದೆ" ಎಂದೆ. ಅದು ಮಾತ್ರ ನಿಜ ಹೇಳಿದೆ. ಆ ಹಸಿರು ಒಟ್ಟು ಎರಡು ದಿನ ಇತ್ತು.

ಆಮೇಲೆ ಅಕ್ಕ ಅದೇ ಸಂಸ್ಥೆಯಲ್ಲಿ ಬೆತ್ತದ ಕುರ್ಚಿ ಹೆಣೆಯುವ ಕೆಲಸಕ್ಕೆ ಸೇರಿದಳು. ರಿಚರ್ಡ್ಸ್ ಟೌನಿನ ಹಳೇ ಬಂಗಲೆಗಳಿಂದ ಸೀಟು ಹರಿದ ಕುರ್ಚಿಗಳು ಬರುತ್ತಿದ್ದವು. ಆ ಕೆಲಸವೂ ಅವಳ ಕೈಗೆ ಬೇಗ ಹತ್ತಿತು. ಕೆಲಸದಲ್ಲಿ ಕೀಳು ಮೇಲು ಎಂದು ನಾನು ಹೇಳುತ್ತಿಲ್ಲ, ಅವಳು ಹೆಣೆದ ಕುರ್ಚಿಯಲ್ಲಿ ಕೂತರೆ ಏಳುವ ಮನಸ್ಸಾಗುತ್ತಿರಲಿಲ್ಲ. ಆದರೆ ಒದ್ದೆ ಬೆತ್ತ ಎಳೆದೆಳೆದು ಅವಳ ಬೆರಳ ತುದಿಗಳು ಗಟ್ಟಿಯಾದವು. ಬ್ರೈಲ್ ಓದುತ್ತಿದ್ದ ಬೆರಳುಗಳವು. ಪ್ರತಿ ತಿಂಗಳು ಬರುತ್ತಿದ್ದ ಬ್ರೈಲ್ ಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡು ಒಂದೇ ಸಾಲನ್ನು ಎರಡೆರಡು ಸಲ ಸವರುತ್ತಿದ್ದಳು. "ಈಗೀಗ ಸರಿಯಾಗಿ ಅಚ್ಚು ಹಾಕಲ್ಲ ಕಣೆ ಇವ್ರು, ಚುಕ್ಕೆನೇ ಸಿಗಲ್ಲ" ಎನ್ನುತ್ತಿದ್ದಳು. ಅಚ್ಚು ಸರಿಯಾಗಿಯೇ ಇತ್ತು. ನಾನು ಮುಟ್ಟಿ ನೋಡಿದ್ದೆ. ಕೊನೆಗೆ ಪತ್ರಿಕೆ ನಿಲ್ಲಿಸಿದಳು. ಮನೆಯ ಫೋನನ್ನು ಅಮ್ಮನೇ ಎತ್ತತೊಡಗಿದರು.

ಆಫೀಸಿನಲ್ಲಿ ನಾನು ಬೇರೆ ಮನುಷ್ಯಳಾದೆ. ಯಾವ ಪುಟದಲ್ಲಿ ಸ್ವಿಚ್ಚು ಕಂಡರೂ ಜಗಳಕ್ಕೆ ನಿಲ್ಲುತ್ತಿದ್ದೆ. ಬರೀ ಬಣ್ಣ ಸಾಲದು, ಪಕ್ಕದಲ್ಲಿ ಪದ ಬೇಕು. ಹತ್ತಿದಾಗ ಸ್ವಿಚ್ಚಿನೊಳಗಿನ ಗುಂಡು ಒಂದು ಕಡೆ, ಆರಿದಾಗ ಇನ್ನೊಂದು ಕಡೆ ಇರಬೇಕು, ಕೆಂಪು ಹಸಿರು ಗುರುತಿಸಲಾಗದವರಿಗೂ ತಿಳಿಯಬೇಕು. ಮೌಸಿಲ್ಲದೆ ಕೀಬೋರ್ಡಿನಿಂದಲೇ ಒತ್ತಲು ಬರಬೇಕು. ಕೇಳಿಸಿಕೊಳ್ಳುವವರಿಗೆ ಆ ಸ್ವಿಚ್ಚು ಯಾವುದರದು ಎಂಬ ಹೆಸರು ಯಾವಾಗಲೂ ಒಂದೇ ಇರಬೇಕು, ಹತ್ತಿದೆಯೋ ಆರಿದೆಯೋ ಎಂಬುದು ಮಾತ್ರ ಬದಲಾಗಬೇಕು, ಬದಲಾದದ್ದನ್ನು ಆ ಕ್ಷಣವೇ ಹೇಳಬೇಕು. ನಮ್ಮ ಬಾಸು ತಲೆ ಚಚ್ಚಿಕೊಳ್ಳುತ್ತಿದ್ದರು. "ಯಾರಮ್ಮಾ ಕಣ್ಣು ಮುಚ್ಕೊಂಡು ವೆಬ್‌ಸೈಟ್ ನೋಡ್ತಾರೆ? ಕ್ಲೈಂಟ್ ಇದನ್ನೆಲ್ಲ ಕೇಳೇ ಇಲ್ವಲ್ರೀ!" ಹುಡುಗರು ಬೆನ್ನ ಹಿಂದೆ ನನ್ನನ್ನು ಸ್ವಿಚ್ ಮೇಡಂ ಎನ್ನುತ್ತಿದ್ದರು. ನಾನು ಬಿಡಲಿಲ್ಲ. ಬರಬರುತ್ತಾ ಹೊರದೇಶದ ಆರ್ಡರುಗಳು ಬಂದವು, ಅವರು ಇದನ್ನೇ ಕೇಳತೊಡಗಿದರು. ಬೈಯುತ್ತಿದ್ದ ಬಾಸು ಎಲ್ಲರ ಮುಂದೆ ನನ್ನನ್ನು ಹೊಗಳಿದರು. "ಇವರ ಅಕ್ಕನಿಗೆ ಕಣ್ಣು ಕಾಣಲ್ಲ, ಅದಕ್ಕೇ ಇಷ್ಟು ಕಾಳಜಿ" ಎಂದರು. ನಾನು ತಲೆ ಆಡಿಸಿದೆ. ಉಳಿದದ್ದನ್ನು ಯಾರಿಗೂ ಹೇಳಲಿಲ್ಲ. ಅಕ್ಕನ ನಷ್ಟದಿಂದ ನನಗೆ ಬಡ್ತಿ ಸಿಕ್ಕಿತು, ಅದನ್ನು ನಾನು ತೆಗೆದುಕೊಂಡೆ.

ಹೀಗೇ ಐದು ವರ್ಷ ಕಳೆಯಿತು. ಒಂದು ದೊಡ್ಡ ಸೈಟು ಮುಗಿಸುವ ಹಂತದಲ್ಲಿ, ಕಣ್ಣು ಕಾಣದವರೊಬ್ಬರು ಬಂದು ಪರೀಕ್ಷೆ ಮಾಡಿದರೆ ಚೆನ್ನ ಎಂಬ ಮಾತು ಬಂತು. "ನಿಮ್ಮಕ್ಕನ್ನೇ ಕರ್ಕೊಂಡು ಬನ್ರೀ" ಎಂದರು ಬಾಸು. ಬೇಡ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ. ಅಕ್ಕ ಮದುವೆಗೆ ಹೊರಟವಳಂತೆ ರೇಷ್ಮೆಯಂಚಿನ ಸೀರೆ ಉಟ್ಟಳು. ಆಫೀಸಿನಲ್ಲಿ ಎಲ್ಲರಿಗೂ ಆ ಹಳೆಯ ಧ್ವನಿಯಲ್ಲೇ ನಮಸ್ಕಾರ ಹೇಳಿದಳು. ಕುರ್ಚಿಯಲ್ಲಿ ಕೂತವಳು ಮೊದಲು ಅದರ ಸೀಟು ಸವರಿ, "ಪ್ಲಾಸ್ಟಿಕ್ಕಾ?" ಎಂದು ಮೂಗು ಮುರಿದಳು. ಎಲ್ಲರೂ ನಕ್ಕರು. ಕೀಬೋರ್ಡಿನ ಮೇಲೆ ಅವಳ ಬೆರಳುಗಳು ತುಸು ತಡವರಿಸಿದವು, ಆಮೇಲೆ ಸರಾಗವಾದವು.

ಪುಟದಲ್ಲಿ ಒಂದು ಸ್ವಿಚ್ಚಿತ್ತು. ಅದರ ಮೇಲೆ ಬಂದಳು. ಸ್ಪೀಕರಿನ ಧ್ವನಿ ಅದರ ಹೆಸರು ಹೇಳಿ, ಕೊನೆಗೆ "ಆಫ್" ಎಂದಿತು. ಒತ್ತಿದಳು. "ಆನ್." ಮತ್ತೆ ಒತ್ತಿದಳು. "ಆಫ್." ಆನ್, ಆಫ್, ಆನ್, ಆಫ್. ಸುಮ್ಮನೆ ಒತ್ತುತ್ತಲೇ ಇದ್ದಳು. ಕೊನೆಗೆ ಅವಳು ಕೈ ತೆಗೆದು ನಾನಿದ್ದ ಕಡೆ ಮುಖ ತಿರುಗಿಸಿದಳು.

"ಅವತ್ತಿಂದು ಹಿಂಗೆ ಹೇಳ್ತಿರ್ಲಿಲ್ಲ ಅಲ್ವೇನೇ?"

"ಇಲ್ಲ ಅಕ್ಕಾ" ಎಂದೆ.

ಅವಳು ಎಲ್ಲವೂ ಬಹಳ ಚೆನ್ನಾಗಿದೆ ಎಂದು ಬಾಸಿಗೆ ಹೇಳಿದಳು. ಬೇಕರಿಯಿಂದ ತರಿಸಿದ ಬನ್ನು ತಿಂದಳು.

ಸಂಜೆ ಇನ್ನೂ ಬೆಳಕಿರುವಾಗಲೇ ನಡೆದು ಹೊರಟೆವು. ಮೆಟ್ರೋ ಕೆಲಸಕ್ಕೆಂದು ರಸ್ತೆಯನ್ನು ಉದ್ದಕ್ಕೂ ಅಗೆದಿದ್ದರು, ಮರಗಳು ಹೋಗಿದ್ದವು. ಕಾಲುದಾರಿಯಿದ್ದ ಕಡೆ ತಗಡು ನಿಲ್ಲಿಸಿದ್ದರು. ಅವಳಿಗೆ ಬಾಯಿಪಾಠವಾಗಿದ್ದ ದಾರಿ ಈಗ ಇರಲಿಲ್ಲ. ಅದಕ್ಕೇ ಕೋಲು ಮಡಚಿ ಚೀಲದಲ್ಲಿಟ್ಟು ನನ್ನ ಮೊಣಕೈ ಹಿಡಿದಿದ್ದಳು. ಒಂದು ಹಳ್ಳ ದಾಟಿದ ಮೇಲೆ ನಾನೇ ಶುರುಮಾಡಿದೆ. ಬೂದು ಬಣ್ಣದ್ದನ್ನು ಹೇಳಿದೆ, ತಿರುಗಿಸಿಟ್ಟು ಮರೆತದ್ದನ್ನು ಹೇಳಿದೆ. ಎಂಟು ತಿಂಗಳೂ ಅದು ಆರಿಯೇ ಇತ್ತು ಎಂದೆ. ಲಾರಿಗಳ ಸದ್ದಿನ ನಡುವೆ ನನ್ನ ಧ್ವನಿ ನನಗೇ ಸರಿಯಾಗಿ ಕೇಳುತ್ತಿರಲಿಲ್ಲ. ಅವಳಿಗೆ ಎಲ್ಲವೂ ಕೇಳಿಸಿತ್ತು.

"ಬೇಕಾದಷ್ಟು ಜನ ನೋಡಿದಾರೆ ಅಂದಿದ್ಯಲ್ಲ. ಎಷ್ಟು ಜನ ನೋಡಿದ್ರು?"

"ಯಾರೂ ಇಲ್ಲ ಅಕ್ಕಾ. ಸೊನ್ನೆ."

ಅವಳ ಕೈ ನನ್ನ ಮೊಣಕೈ ಮೇಲೇ ಇತ್ತು. ಅವಳಿಗೆ ಬಿಟ್ಟುಬಿಡಬೇಕೆನಿಸಿದ್ದರೂ ಆ ಜಾಗದಲ್ಲಿ ಬಿಡುವ ಹಾಗಿರಲಿಲ್ಲ. ಒಂದು ಕಡೆ ಗುಂಡಿ, ಒಂದು ಕಡೆ ಬಸ್ಸು. ಸುಮಾರು ದೂರ ಹಾಗೇ ನಡೆದೆವು. ಹಲಸೂರಿನ ಕಡೆಗೆ ತಿರುಗುವಲ್ಲಿ ಅವಳು ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು:

"ಹಂಗಾದ್ರೆ ಯಾರೂ ನನ್ನ ಬೇಡ ಅಂದಿರ್ಲಿಲ್ಲ."

ನಾಲ್ಕು ಹೆಜ್ಜೆ ನಡೆದು, "ಐದು ವರ್ಷದಿಂದ ಎಲ್ರೂ ಬೇಡ ಅಂದ್ರು ಅಂದ್ಕೊಂಡಿದ್ದೆ ಕಣೆ. ಕುರುಡಿ ಅಂತ ಓದಿ, ಮುಂದಿನ ಪುಟಕ್ಕೆ ಹೋಗ್ಬಿಟ್ರು ಅಂತ. ಅವತ್ತೇ ಹೇಳಿದ್ರೆ ಇನ್ನೊಂದ್ಸಲ ಒತ್ತಿರ್ತಿದ್ದೆ. ಅಷ್ಟೇ ತಾನೇ ಕೆಲ್ಸ? ಇನ್ನೊಂದ್ಸಲ ಒತ್ತೋದು" ಅಂದಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಧ್ವನಿಯಲ್ಲಿ ಸಿಟ್ಟೇ ಇರಲಿಲ್ಲ, ದಣಿವಿತ್ತು. ಕ್ಷಮಿಸು ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅಷ್ಟು ದೊಡ್ಡದಕ್ಕೆ ಅಷ್ಟು ಸಣ್ಣ ಪದ ಹೇಳಲು ನಾಚಿಕೆಯಾಯಿತು.

ಮನೆ ತಲುಪಿದೆವು. ಬೀದಿ ಬಾಗಿಲು ದಾಟಿದ ಕೂಡಲೇ ಅವಳು ನನ್ನ ಮೊಣಕೈ ಬಿಟ್ಟು ಗೋಡೆ ಸವರಿ ಸ್ವಿಚ್ಚು ಒತ್ತಿದಳು. ಮನೆಯ ಬಲ್ಬುಗಳೆಲ್ಲ ಬದಲಾಗಿ ತಣ್ಣನೆಯ ಹೊಸ ದೀಪಗಳು ಬಂದಿದ್ದರೂ, ಮೆಟ್ಟಿಲಿಗೆ ಮಾತ್ರ ಅವಳಿಗೋಸ್ಕರ ಬಿಸಿಯಾಗುವ ಹಳೇ ಬಲ್ಬನ್ನೇ ಉಳಿಸಿದ್ದೆವು. ತಿರುವಿನಲ್ಲಿ ಹಳದಿ ಬೆಳಕು ಚೆಲ್ಲಿತು. ಅವಳ ಪ್ರಶ್ನೆಗೆ ಕಾದೆ. ಬರಲಿಲ್ಲ.

"ಹತ್ತಿದೆ ಅಕ್ಕಾ" ಎಂದು ನಾನೇ ಹೇಳಿದೆ.

ಅವಳು ಕೇಳಿಸಿಕೊಂಡಳು, ತಲೆಯನ್ನೂ ಆಡಿಸಿದಳು. ತಿರುವಿನವರೆಗೆ ಹತ್ತಿ ಹೋಗಿ ನಿಂತು, ಬಲ್ಬಿನ ಕಡೆ ಅಂಗೈ ಚಾಚಿದಳು. ಬೆತ್ತ ಎಳೆದು ಗಟ್ಟಿಯಾದ ಆ ಕೈಗೆ ಬಿಸಿ ತಾಗಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯಿತು. ತಾಗಿದ ಮೇಲೆ ಕೈ ಇಳಿಸಿ ಮೇಲೆ ಹೋದಳು. ನಾನು ಕೆಳಗೇ ನಿಂತಿದ್ದೆ. ಚಿಕ್ಕವಳಿದ್ದಾಗ ಎಂಟನೇ ದಿನಕ್ಕೆ ಮತ್ತೆ ಕೇಳಿದ್ದಳು. ಈ ಸಲವೂ ದಿನ ಎಣಿಸಿದೆ. ಎಂಟನೇ ದಿನವೂ ಅವಳು ನನ್ನನ್ನು ಕೇಳಲಿಲ್ಲ.